ಹೊಳೆ ಹೆಸರು ಬಿಡುವ ಜಾಗ

ಹಾನಗಲ್ಲಿನ ಕಡೆಯಿಂದ ಧರ್ಮಾ ಹೊಳೆ ಬರುತ್ತದೆ, ಬನವಾಸಿಯ ಕಡೆಯಿಂದ ವರದಾ ಹೊಳೆ ಬರುತ್ತದೆ. ಎರಡೂ ಒಂದಾಗುವ ಮೂಲೆಗೆ ಅಲ್ಲಿನವರು ಕೂಡು ಎನ್ನುತ್ತಾರೆ. ಕೂಡಿನ ತನಕ ಎರಡು ಹೆಸರು, ಕೂಡು ದಾಟಿದ ಮೇಲೆ ಒಂದೇ. ಮುಂದೆ ಹರಿಯುವುದೆಲ್ಲ ವರದೆ. ಧರ್ಮೆ ಎಂಬವಳೊಬ್ಬಳು ಜೊತೆಗೆ ಬಂದಿದ್ದಾಳೆಂದು ನೆನೆಯುವವರು ಸಹ ಇರುವುದಿಲ್ಲ.

ಹೊಳೆಕಟ್ಟಿ ಎಂಬ ಊರು ಕೂಡಿಗೆ ಸ್ವಲ್ಪ ಕೆಳಗಿತ್ತು. ಹೀಗಾಗಿ ಅವರು ವರದೆಯ ನೀರಿನವರು. ಆ ಮಾತನ್ನು ಅವರು ಹೇಳುವ ರೀತಿಯೇ ಬೇರೆ, ಮೀಸೆ ಇಲ್ಲದವರೂ ಮೀಸೆ ತಿರುವಿದ ಹಾಗೆ. ನೀರಲಗಟ್ಟಿ ಎಂಬ ಊರು ಕೂಡಿಗೆ ಮೇಲೆ, ಧರ್ಮೆಯ ದಂಡೆಗಿತ್ತು. ಎರಡೂ ಊರಿನ ನಡುವೆ ದಾಟಬೇಕಾದ ನೀರಿಲ್ಲ. ಹೊಳೆಕಟ್ಟಿಯ ದಂಡೆ ಹಿಡಿದು ಮೇಲಕ್ಕೆ ನಡೆದರೆ ದಂಡೆ ತಾನೇ ಹೊರಳಿ ಧರ್ಮೆಯ ದಂಡೆಯಾಗುತ್ತಿತ್ತು. ಬಾಯಿಗೆ ಹಾಕಿಕೊಂಡ ಎಲೆ ಅಡಿಕೆ ಕೆಂಪಾಗುವಷ್ಟರಲ್ಲಿ ನೀರಲಗಟ್ಟಿಯ ನಾಯಿಗಳು ಬೊಗಳುವುದು ಕೇಳುತ್ತಿತ್ತು. ಇಷ್ಟು ಹತ್ತಿರವಿದ್ದೂ ಹೊಳೆಕಟ್ಟಿಯವರು ಧರ್ಮೆಯ ನೀರೆಂದರೆ ಮೂಗು ಮುರಿಯುತ್ತಿದ್ದರು. ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಆ ನೀರು ಕುಡಿದವರ ನಾಲಗೆ ಉದ್ದವಾಗುತ್ತದೆ ಎಂದು ಆಡಿಕೊಳ್ಳುತ್ತಿದ್ದರು.

ಆ ಉದ್ದ ನಾಲಗೆಯ ಊರಿನಿಂದ ಅಡಿವೆವ್ವ ಹೊಳೆಕಟ್ಟಿಗೆ ಸೊಸೆಯಾಗಿ ಬಂದಳು. ಜರ್ಮನಿಯವರ ಯುದ್ಧ ಸುರುವಾಗಿ, ಸಂತೆಯಲ್ಲಿ ಒಂದೊಂದೇ ಸಾಮಾನು ಕಾಣದಂತಾಗುತ್ತಿದ್ದ ವರ್ಷ ಅದು. ತುಳಸಿ ಲಗ್ನ ಮುಗಿದು ಮದುವೆಗಳು ಎದ್ದಿದ್ದವು. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟು, ಹೆಂಗಸರು ಬಾಗಿಲು ಕಟ್ಟಿ ನಿಂತು, ಗಂಡನ ಹೆಸರನ್ನು ಒಡಪಿನಲ್ಲಿ ಹೇಳದೆ ಒಳಗೆ ಬಿಡುವುದಿಲ್ಲ ಎಂದರು. ಹುಡುಗಿ ನಾಚಿಕೊಳ್ಳಲಿಲ್ಲ.

"ಧರ್ಮಾ ಹೊಳಿಯ ದಂಡಿ ಬಿಟ್ಟೆ, ವರದಾ ಹೊಳಿಗೆ ಕಾಲು ಇಟ್ಟೆ, ಮೈಲಾರಪ್ಪನ ಹೆಸರ ಹೇಳಿ ಹೊಸಲಿ ದಾಟಿ ಬಂದೇಬಿಟ್ಟೆ" ಎಂದು ಹೇಳಿ ಸೇರನ್ನು ಒದ್ದೇಬಿಟ್ಟಳು. ಅಕ್ಕಿ ಪಡಸಾಲೆಯ ತುಂಬ ಚೆಲ್ಲಿತು. ಹೆಂಗಸರಿಗೆ ಖುಷಿಯೋ ಖುಷಿ. ಗಂಡನ ಹೆಸರಾಯಿತು, ನಿನ್ನ ಹೆಸರೇನವ್ವ ಎಂದು ಯಾರೋ ಸುಮ್ಮನೆ ಕೇಳಿದರು. ಹುಡುಗಿ ಅಷ್ಟೇ ಗಟ್ಟಿಯಾಗಿ ಅಡಿವೆವ್ವ ಎಂದಳು.

ಪಡಸಾಲೆಯ ಕಣ್ಣೆಲ್ಲ ಅತ್ತೆಯ ಕಡೆ ಹೊರಳಿದವು. ಯಾಕೆಂದರೆ ಅದು ಅವಳ ಅತ್ತೆಯ ಹೆಸರು. ಅತ್ತೆಯ ಹೆಸರನ್ನು ಅತ್ತೆಯ ಮುಖದ ಮುಂದೆ, ಅದೂ ಒಳಗೆ ಕಾಲಿಟ್ಟ ಗಳಿಗೆಯಲ್ಲೇ ಕೂಗಿದ ಸೊಸೆಯನ್ನು ಹೊಳೆಕಟ್ಟಿ ಅಲ್ಲಿಯ ತನಕ ಕಂಡಿರಲಿಲ್ಲ.

ಒಂದು ಮನೆಯಲ್ಲಿ ಇಬ್ಬರು ಅಡಿವೆವ್ವರು ಇರಲಿಕ್ಕಾಗದು. ಗಂಡ ಹೆಂಡತಿಯನ್ನು ಕರೆದರೆ ತಾಯಿಯನ್ನು ಹೆಸರು ಹಿಡಿದು ಕರೆದಂತೆ. ಸೊಸೆ ತನ್ನ ಹೆಸರು ಹೇಳಿದರೆ ಅತ್ತೆಯ ಹೆಸರು ಎತ್ತಿದಂತೆ. ಹೀಗಾದಾಗ ಬಂದವಳ ಹೆಸರು ತೆಗೆದು ಬೇರೆ ಹೆಸರು ಇಡುವುದು ಪದ್ಧತಿ. ಮಣೆಯ ಮೇಲೆ ಕೂರಿಸಿ, ತಾಟಿನಲ್ಲಿ ಅಕ್ಕಿ ಹರವಿ, ಅಕ್ಕಿಯ ಮೇಲೆ ಆಕೆಯ ಬೆರಳು ಹಿಡಿದು ಗೆರೆ ಎಳೆಸಿ, ಕಿವಿಯಲ್ಲಿ ಹೊಸ ಹೆಸರು ಹೇಳಿದರೆ ಆಯಿತು. ಎಷ್ಟೋ ಹುಡುಗಿಯರು ಹಾಗೆ ತವರಿನ ಹೆಸರನ್ನು ತವರಿನಲ್ಲಿ ಉಡುತ್ತಿದ್ದ ಪರಕಾರದ ಜೊತೆ ಪೆಟ್ಟಿಗೆಯಲ್ಲಿಟ್ಟು ಮರೆತಿದ್ದರು.

ಆದರೆ ಈ ಅಡಿವೆವ್ವನಿಗೆ ಹೆಸರು ಕೊಟ್ಟವಳು ಅವಳ ಅಜ್ಜಿ. ತಾಯಿ ಇಲ್ಲದ ಕೂಸನ್ನು ಸಾಕಿ, ತನ್ನ ಹೆಸರನ್ನೇ ಅದಕ್ಕಿಟ್ಟು, ಕಣ್ಣು ಮುಚ್ಚುವ ಮುಂದೆ ಕೈ ಹಿಡಿದು ಒಂದು ಮಾತು ಹೇಳಿದ್ದಳು. ನನ್ನ ಹೆಸರು ನಿನ್ನ ಹತ್ತಿರ ಐತಿ ನೋಡು ಮಗಾ, ತಂಬಿಗಿ ಮರತಂಗ ಯಾರ ಮನ್ಯಾಗೂ ಬಿಟ್ಟು ಬರಬ್ಯಾಡ, ಎಂದು. ಅಜ್ಜಿ ನಗುತ್ತಲೇ ಹೇಳಿದ್ದಳು. ಮೊಮ್ಮಗಳು ಅದನ್ನು ನಗುತ್ತಲೇ ಕೇಳಿದ್ದಳು. ಆದರೆ ಬಿಟ್ಟುಕೊಡುವ ಮಾತು ಬಂದಾಗ ಅವಳ ಎದೆಯೊಳಗೆ ಆ ತಂಬಿಗೆ ಟಣ್ ಎಂದಿತು. ಅಜ್ಜಿಯದೆಂದು ಅವಳ ಹತ್ತಿರ ಉಳಿದಿದ್ದು ಆ ಹೆಸರೊಂದೇ.

ಅತ್ತೆ ಸಾಮಾನ್ಯ ಹೆಂಗಸಲ್ಲ. ಹೊಳೆಕಟ್ಟಿಯಲ್ಲಿ ಯಾರ ಮನೆಯಲ್ಲಿ ಹೆಪ್ಪು ಕೆಟ್ಟರೂ ಅವಳ ಬಾಗಿಲಿಗೆ ಬರಬೇಕು. ಹೆರಿಗೆ ನೋವು ಬಂದರೆ ಅವಳು ಬೇಕು, ಮದುವೆ ಮನೆಯ ಸಾರಿಗೆ ಉಪ್ಪು ಹಾಕಲು ಅವಳು ಬೇಕು, ಅತ್ತೆ ಸೊಸೆ ಜಗಳವಾಡಿದರೆ ಬಿಡಿಸಲೂ ಅವಳೇ ಬೇಕು. ಬೆಳಗಿನಿಂದ ಬೈಗಿನ ತನಕ ಬಾಗಿಲಲ್ಲಿ "ಅಡಿವೆವ್ವಾ, ಏ ಅಡಿವೆವ್ವಾ" ಎಂಬ ಕೂಗು ನಿಲ್ಲುತ್ತಿರಲಿಲ್ಲ. ಇಂಥ ಹೆಸರನ್ನು ಮೊನ್ನೆ ಬಂದ ಹುಡುಗಿಯ ಜೊತೆ ಪಾಲು ಮಾಡಿಕೊಳ್ಳಲಿಕ್ಕಾಗುತ್ತದೆಯೇ? ಅವಳು ಮಾತು ಬೆಳೆಸಲಿಲ್ಲ. ಶಿವರಾತ್ರಿಯ ಮರುದಿನ ಹೆಸರಿಡುವುದೆಂದು ಗೊತ್ತುಮಾಡಿ, ಅಲ್ಲಿಯ ತನಕ ರೂಢಿಯಾಗಲಿ ಎಂದು ಮಂಜವ್ವ ಎಂದು ಕರೆಯತೊಡಗಿದಳು.

ಸೊಸೆ ಹ್ಞೂಂ ಎಂದು ತಲೆಯಾಡಿಸಿದಳು. ಅಂದಿನಿಂದ ಮನೆಯಲ್ಲಿ ಮಂಜವ್ವ ಎಂದು ಕೂಗಿದರೆ ಯಾರೂ ಓಗೊಡುವವರಿಲ್ಲ. ಒಲೆಯ ಮೇಲೆ ಹಾಲು ಉಕ್ಕಿತು, ಅಂಗಳದ ಜೋಳಕ್ಕೆ ಕೋಳಿ ಬಿದ್ದವು. ಮಂಜವ್ವ ಮಂಜವ್ವ ಎಂದು ಅತ್ತೆಯ ಗಂಟಲು ಹರಿಯುತ್ತಿದ್ದರೆ ಸೊಸೆ ಎದ್ದು ಕೊಟ್ಟಿಗೆಯ ಕಡೆ ಇಣುಕಿ ಮತ್ತೆ ತನ್ನ ಕೆಲಸಕ್ಕೆ ಕೂರುತ್ತಿದ್ದಳು. ಯಾಕೆ ಹೀಗೆ ಮಾಡುತ್ತಿ ಎಂದು ಕೇಳಿದ್ದಕ್ಕೆ ಬಹಳ ವಿನಯದಿಂದ ಹೇಳಿದಳು.

"ತಪ್ಪು ತಿಳೀಬ್ಯಾಡ್ರಿ ಅತ್ತಿ. ನಮ್ಮ ಅಪ್ಪನ ಮನಿ ಎಮ್ಮಿ ಹೆಸರು ಮಂಜವ್ವ. ನೀವು ಕರದ್ರ ಎಮ್ಮಿ ಹಗ್ಗ ಹರಕೊಂಡು ಇಲ್ಲೀತನಕಾ ಬಂತೇನೋ ಅಂತ ನೋಡತೇನಿ."

ಅತ್ತೆಗೆ ಸಂಶಯ ಬಂತು. ಗಂಡ ಗುತ್ತೆಪ್ಪನನ್ನು ಕರೆದು, ಎತ್ತಿನ ಮೇವಿಗೆ ಕಣಿಕೆ ಕೇಳುವ ನೆಪ ಮಾಡಿ ನೀರಲಗಟ್ಟಿಗೆ ಹೋಗಿ ನೋಡಿಕೊಂಡು ಬಾ ಎಂದಳು. ಗುತ್ತೆಪ್ಪ ನಿಧಾನದ ಮನುಷ್ಯ, ಮಾತಿಗೊಮ್ಮೆ ಕೆಮ್ಮಿ ನಗುವವನು. ಅವನು ಹೊರಡುವ ಮೊದಲೇ ಸೊಸೆ ತನ್ನ ತವರಿಗೆ ಸುದ್ದಿ ಮುಟ್ಟಿಸಿದ್ದಳು. ಮುಟ್ಟಿಸಿದವಳು ಅವಳ ಚಿಕ್ಕಂದಿನ ಗೆಳತಿ ಹಾಜರಾಬಿ. ನೀರಲಗಟ್ಟಿಯಲ್ಲಿ ಅರಿವೆಗೆ ಬಣ್ಣ ಹಾಕುವ ಮಲ್ಲಿಕಸಾಬನ ಮಗಳು, ಅದೇ ಓಣಿಯ ಪೀರಸಾಬನ ಹೆಂಡತಿ. ಗಂಡ ಹೆಂಡತಿ ಸವಣೂರ ಸಂತೆಗೆ ಹೋಗಿ ಬರುವಾಗ ಹೊಳೆಕಟ್ಟಿಯ ನೀರು ತುಂಬುವ ಬಂಡೆಯ ಹತ್ತಿರ ಗಾಡಿ ಬಿಟ್ಟು ಎತ್ತಿಗೆ ನೀರು ಕುಡಿಸುತ್ತಿದ್ದರು. ಅಡಿವೆವ್ವ ಕೊಡ ಹೊತ್ತು ಅಲ್ಲಿಗೆ ಹೋಗುವ ಹೊತ್ತು ಸರಿಯಾಗಿ ಅದೇ ಆಗಿರುತ್ತಿತ್ತು.

ಗುತ್ತೆಪ್ಪ ಸಂಜೆ ತಿರುಗಿ ಬಂದು ಕೈಕಾಲು ತೊಳೆದುಕೊಂಡು ಕುಂತ. ಹೆಂಡತಿ ಏನಾಯಿತೆಂದು ಕೇಳಿದಳು. ಅವನು ಕೆಮ್ಮಿದ.

"ಖರೇ ಐತಿ. ಬೀಗರ ಮನ್ಯಾಗ ಎಲ್ಲಾರೂ ಎಮ್ಮಿಗೆ ಮಂಜವ್ವ ಮಂಜವ್ವ ಅಂತ ಕರಿಯಾಕತ್ತಿದ್ರು. ನಾ ಹೋದಾಗಿಂದ ಬರೂ ತನಕಾ ಒಂದಸವನ ಕರದ್ರು. ಎಮ್ಮಿ ಮಾತ್ರ ಕುತಿಗಿ ಹೊರಳಿಸಲಿಲ್ಲ ನೋಡು. ಅದಕ್ಕೂ ನಿನ್ನ ಸೊಸಿಗೂ ಆ ಹೆಸರಿನ ಮ್ಯಾಲೆ ಒಂದ ನಮೂನಿ ಅಭಿಪ್ರಾಯ."

ಸೊಸೆ ಒಳಗೆ ಸೆರಗು ಬಾಯಿಗೆ ತುರುಕಿಕೊಂಡಳು. ಅತ್ತೆಗೆ ಎಲ್ಲ ತಿಳಿಯಿತು. ತಿಳಿದರೂ ಸೋತವಳಂತೆ ತೋರಿಸಲಿಲ್ಲ. ಮಂಜವ್ವ ಬೇಡವಾದರೆ ಬೇಡ, ಕರೆವ್ವ ಆಗಲಿ, ಅದು ನಿಮ್ಮೂರ ಕೋಳಿಯ ಹೆಸರಾದರೂ ಅದೇ ಇಡುವವಳು ನಾನು ಎಂದು ಕಡ್ಡಿ ಮುರಿದ ಹಾಗೆ ಹೇಳಿ ಎದ್ದಳು.

ಇವರಿಬ್ಬರ ನಡುವೆ ಮೈಲಾರಪ್ಪನ ಪಾಡು ಯಾರಿಗೂ ಬೇಡ. ಹೆಂಡತಿಯ ಮೇಲೆ ಅವನಿಗೆ ಮನಸ್ಸು ಬಹಳ. ಆದರೆ ಕರೆಯುವುದು ಹೇಗೆ? ಮೊದಲ ಹೆಸರು ಹಿಡಿದರೆ ಅವ್ವ ಓಡಿ ಬರುತ್ತಿದ್ದಳು, ಎರಡನೆಯ ಹೆಸರಿಗೆ ಯಾರೂ ಬರುತ್ತಿರಲಿಲ್ಲ, ಮೂರನೆಯದು ಇನ್ನೂ ನಾಲಗೆಗೆ ಹತ್ತಿರಲಿಲ್ಲ. ಕಡೆಗೆ ಕೆಮ್ಮುವುದನ್ನು ಕಲಿತ. ಅಪ್ಪನ ಕೆಮ್ಮು ಯಾವುದು, ಮಗನ ಕೆಮ್ಮು ಯಾವುದು ಎಂದು ಅಡಿವೆವ್ವ ಗೋಡೆಯಾಚೆಯಿಂದಲೇ ಗುರುತಿಸುತ್ತಿದ್ದಳು.

ಮಾಘ ಮಾಸದಲ್ಲಿ ಹೊಳೆ ಇಳಿಯಿತು, ನೀರು ತಿಳಿಯಾಯಿತು. ಒಂದು ಮುಂಜಾನೆ ಬಂಡೆಯ ಮೇಲೆ ಹೆಂಗಸರು ಕೊಡ ಬೆಳಗುತ್ತಿದ್ದಾಗ ಮಾತು ಮತ್ತೆ ಹೆಸರಿನ ಮೇಲೆ ಬಂತು. ಕರೆವ್ವ ಎಂಬ ಹೆಸರು ಚೆಂದವಿದೆಯಲ್ಲ, ಒಪ್ಪಿಕೋ ತಂಗಿ ಎಂದು ನೆರೆಮನೆಯ ಹುಚ್ಚವ್ವ ಬುದ್ಧಿ ಹೇಳಿದಳು. ಅಡಿವೆವ್ವ ಕೊಡದ ತಳವನ್ನು ಇನ್ನಷ್ಟು ಜೋರಾಗಿ ತಿಕ್ಕಿದಳು. ಅತ್ತೆ ನೀರಿಗೆ ಕೈ ತೋರಿಸಿದಳು.

"ಈ ಧರ್ಮಿನ್ನ ನೋಡ. ಅಷ್ಟು ದೂರದಿಂದ ಕುಣಕೋತ ಬರತಾಳ. ಕೂಡಿನ್ಯಾಗ ಬಂದು ಹೆಸರು ಬಿಟ್ಟು ತೆಪ್ಪಗ ವರದಿ ಆಗತಾಳ. ಹೊಳಿಗೆ ಇಲ್ಲದ ಸೊಕ್ಕು ನಿನಗೇನ?"

ಅಡಿವೆವ್ವ ತಲೆ ಎತ್ತದೆ ಕೇಳಿದಳು. "ಎಲ್ಲಿ ಬಿಡತಾಳ್ರಿ ಅತ್ತಿ? ಆ ಜಾಗಾ ತೋರಸ್ರಿ. ಅಲ್ಲೇ ನಂದೂ ಬಿಟ್ಟು ಬರತೇನಿ."

"ಕೂಡು ದಾಟಿದ್ಲೋ ಮುಗೀತು. ಹಾಲಿನ್ಯಾಗ ನೀರು ಬೆರತಂಗ. ನಾ ಇಲ್ಲಿಗೆ ಬಂದಾಗಿಂದ ಈ ಬಂಡಿ ಮ್ಯಾಲಿನ ನೀರು ಬಿಟ್ಟು ಬ್ಯಾರೆ ಕುಡದಿಲ್ಲ. ಧರ್ಮಿ ನೀರು ಒಂದು ಹನಿ ಬಿದ್ದರೂ ನನ್ನ ನಾಲಿಗಿಗೆ ತಿಳೀತೈತಿ. ಕೂಡಿನ ಕೆಳಗ ಒಂದ ತಂಬಿಗಿ ಧರ್ಮಿ ನೀರು ತೋರಸು. ನಾನ ನನ್ನ ಹೆಸರು ಬದಲಿ ಮಾಡಕೊಂತೇನಿ."

ಹುಚ್ಚವ್ವ ಮತ್ತು ಉಳಿದ ಹೆಂಗಸರು ನಕ್ಕರು. ಅತ್ತೆಯೂ ನಕ್ಕಳು. ಅಡಿವೆವ್ವ ಮಾತ್ರ ನಗಲಿಲ್ಲ. ನೀರಿನಲ್ಲಿದ್ದ ತನ್ನ ಕಾಲು ನೋಡುತ್ತಿದ್ದಳು. ಕಾಲುಂಗುರದ ಹತ್ತಿರ, ಹಿಮ್ಮಡಿಯ ಹತ್ತಿರ ಕೂದಲೆಳೆಯಂಥ ಹಳದಿ ಎಸಳುಗಳು ಒಂದೆರಡು ಅಂಟಿಕೊಂಡಿದ್ದವು. ಅವಳು ಬಗ್ಗಿ ಒಂದನ್ನು ತೆಗೆದು ಉಗುರಿನಿಂದ ಒತ್ತಿದಳು. ಕುಸುಬಿ ಹೂವು.

ಕುಸುಬಿ ಹೂವಿನ ವಿಚಾರ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಯುದ್ಧಕ್ಕೆ ಮುಂಚೆ ಮಲ್ಲಿಕಸಾಬ ಹುಬ್ಬಳ್ಳಿಯಿಂದ ಜರ್ಮನಿಯ ಬಣ್ಣದ ಪುಡಿ ತರುತ್ತಿದ್ದ. ಪೊಟ್ಟಣ ಒಡೆದು ನೀರಿಗೆ ಹಾಕಿದರೆ ಕೆಲಸ ಮುಗಿಯಿತು. ಯುದ್ಧ ಬಂದು ಪೊಟ್ಟಣ ನಿಂತಿತು. ಸವಣೂರಿನ ಮದುವೆ ಮನೆಗಳಿಗೆ ಗುಲಾಬಿ ಬಣ್ಣದ ರುಮಾಲು ಬೇಕೇ ಬೇಕು. ಹೀಗಾಗಿ ಮುದುಕ ತನ್ನ ಅಜ್ಜನ ಕಾಲದ ವಿದ್ಯೆ ಹೊರತೆಗೆದ. ಕುಸುಬಿ ಹೂವಿನಲ್ಲಿ ಎರಡು ಬಣ್ಣವಿರುತ್ತವೆ, ಹೊರಗೆ ಹಳದಿ, ಒಳಗೆ ಕೆಂಪು. ಹಳದಿ ಪೂರ್ತಿ ಹೋಗುವ ತನಕ ಕೆಂಪು ಮುಖ ತೋರಿಸುವುದಿಲ್ಲ. ಎಸಳನ್ನು ಚೀಲದಲ್ಲಿ ತುಂಬಿ, ಹರಿಯುವ ನೀರಿನಲ್ಲಿಟ್ಟು, ಹಳದಿ ಬಿಡುವುದು ನಿಲ್ಲುವ ತನಕ ಕಾಲಿನಿಂದ ತುಳಿಯಬೇಕು. ಹಾಜರಾಬಿಯೂ ಅವಳ ನಾದಿನಿಯರೂ ಈಚೆಗೆ ಅದನ್ನೇ ಮಾಡುತ್ತಿದ್ದರು. ತುಳಿಯುತ್ತಿದ್ದುದು ನೀರಲಗಟ್ಟಿಯಲ್ಲಿ, ಧರ್ಮೆಯ ನೀರಿನಲ್ಲಿ.

ಅಲ್ಲಿ ತುಳಿದ ಹೂವಿನ ಎಸಳು ಕೂಡು ದಾಟಿ, ವರದೆಯ ನಡುವಿಗೆ ಹೋಗದೆ, ದಂಡೆಗೆ ಒತ್ತಿಕೊಂಡೇ ಬಂದು ಅವಳ ಕಾಲಿಗೆ ಅಂಟಿತ್ತು. ತವರಿನವರು ಹುಡುಕಿಕೊಂಡು ಬಂದ ಹಾಗೆ. ಅಡಿವೆವ್ವ ಎಸಳನ್ನು ಸೆರಗಿನ ತುದಿಗೆ ಒರೆಸಿಕೊಂಡಳು. ಯಾರಿಗೂ ಹೇಳಲಿಲ್ಲ. ಮುಂದಿನ ಸಂತೆಯ ದಿನ ಎತ್ತುಗಳು ನೀರು ಕುಡಿಯುವ ತನಕ ಹಾಜರಾಬಿಯ ಕಿವಿಯಲ್ಲಿ ಏನೋ ಹೇಳಿದಳು. ಹಾಜರಾಬಿ ಕೇಳುತ್ತ ಕೇಳುತ್ತ ಬಂಡೆಯ ಮೇಲೆ ಕುಸಿದು ಕುಂತು ಹೊಟ್ಟೆ ಹಿಡಿದುಕೊಂಡಳು. ಏನಾಯಿತೆಂದು ಪೀರಸಾಬ ಗಾಬರಿಯಾಗಿ ಓಡಿ ಬಂದ.

ಶಿವರಾತ್ರಿಯ ಮುಂಜಾನೆ ಹೊಳೆಕಟ್ಟಿಯ ಹೆಂಗಸರೆಲ್ಲ ತಲೆ ಮೇಲೆ ನೀರು ಹಾಕಿಕೊಳ್ಳಲು ಬಂಡೆಗೆ ಬಂದಿದ್ದರು. ಬಿಸಿಲು ಆಗಷ್ಟೇ ನೀರಿಗಿಳಿದಿತ್ತು. ಮೊದಲು ಕಂಡವಳು ಹುಚ್ಚವ್ವ. ಮೇಲಿನಿಂದ, ದಂಡೆಯ ಗುಂಟ, ಸೆರಗು ಹಾಸಿದ ಹಾಗೆ ಹಳದಿ ಇಳಿದು ಬರುತ್ತಿತ್ತು. ನೋಡುನೋಡುತ್ತಿದ್ದಂತೆ ಬಂಡೆಯ ಸುತ್ತ, ಕಾಲುಗಳ ಸುತ್ತ, ತೇಲುವ ಕೊಡಗಳ ಸುತ್ತ ನೀರೆಲ್ಲ ಅರಿಷಿಣವಾಯಿತು. ಹೊಳೆಯ ನಡುವೆ ಮಾತ್ರ ನೀರು ಎಂದಿನಂತೆ ತಿಳಿಯಾಗಿತ್ತು, ಆಚೆ ದಂಡೆಗೂ ಹಾಗೆಯೇ. ಆಚೆ ದಂಡೆಯಲ್ಲಿ ಸ್ನಾನಕ್ಕೆ ಬಂದವರು ಬಾಯಿ ತೆರೆದು ಈ ಕಡೆ ನೋಡುತ್ತ ನಿಂತರು.

ಅತ್ತೆ ಮೊಣಕಾಲು ನೀರಿನಲ್ಲಿದ್ದಳು. ಬೊಗಸೆಯಲ್ಲಿ ಆ ನೀರು ಎತ್ತಿದಳು. ಕಣ್ಣಿಗೊತ್ತಿಕೊಂಡಳು.

"ವರದವ್ವ ಅರಿಷಿಣ ಹಚಕೊಂಡಾಳ" ಎಂದಳು. "ನಮ್ಮ ದಂಡಿಗೆ ಅಷ್ಟ ನೋಡ್ರಿ. ಆಚೆ ದಂಡಿಗಿಲ್ಲ."

ಮುಂದೆ ನಡೆದದ್ದನ್ನು ಹೊಳೆಕಟ್ಟಿ ಬಹಳ ವರ್ಷ ನೆನೆಯಿತು. ಅತ್ತೆ ಆ ನೀರನ್ನು ಕುಡಿದು, ಇಷ್ಟು ಸಿಹಿ ನೀರು ಹುಟ್ಟಿದಾಗಿಂದ ಕುಡಿದಿಲ್ಲ, ಇದು ಅಪ್ಪಟ ವರದೆ ಎಂದು ಸಾರಿದಳು. ಹೆಂಗಸರು ಕೆನ್ನೆಗೆ ಹಚ್ಚಿಕೊಂಡರು, ತಾಳಿಗೆ ಮುಟ್ಟಿಸಿಕೊಂಡರು. ಯಾರೋ ಮನೆಗೆ ಓಡಿ ಕಾಯಿ ಕರ್ಪೂರ ತಂದರು. ಅತ್ತೆ ಮೊರದಲ್ಲಿ ಬಳೆ, ಕುಪ್ಪಸದ ಕಣ, ಎಲೆ ಅಡಿಕೆ ಇಟ್ಟು ಹೊಳೆಗೆ ಬಾಗಿನ ಬಿಟ್ಟು, ಅಡ್ಡಬಿದ್ದಳು. ಎಲ್ಲರಿಗಿಂತ ಭಕ್ತಿಯಿಂದ ಅಡ್ಡಬಿದ್ದವಳು ಸೊಸೆ. ಅವಳು ಎಷ್ಟು ಹೊತ್ತಾದರೂ ಏಳಲಿಲ್ಲ. ಬೆನ್ನು ಅಲುಗುತ್ತಿತ್ತು. ಪಾಪ, ಅಳುತ್ತಿದ್ದಾಳೆ ಎಂದು ಹುಚ್ಚವ್ವ ತಲೆ ಸವರಿದಳು.

ಆ ಹೊತ್ತಿಗೇ ನಿಜ ಹೇಳಿದ್ದರೆ ಅಡಿವೆವ್ವ ಗೆದ್ದಿರುತ್ತಿದ್ದಳು. ಅದನ್ನೇ ಯೋಚಿಸಿ ಬಂದಿದ್ದಳು ಕೂಡ. ಆದರೆ ಎದ್ದು ನೋಡಿದಾಗ ಅತ್ತೆಯ ಮುಖದ ಮೇಲೆ ಹಳದಿ ಹನಿಗಳು ಹೊಳೆಯುತ್ತಿದ್ದವು. ಅಷ್ಟು ದೊಡ್ಡ ಹೆಂಗಸು ಸಣ್ಣ ಹುಡುಗಿಯಂತೆ ಕಾಣುತ್ತಿದ್ದಳು. ಇಷ್ಟು ಮಂದಿಯ ಮುಂದೆ ಆ ಮುಖವನ್ನು ಒರೆಸುವುದು ಅವಳಿಂದಾಗಲಿಲ್ಲ. ಹಾಗಂತ ಹೆಸರು ಬಿಡುವುದೂ ಆಗದು. ನಾಳೆ ಬೆಳಗಾದರೆ ಅಕ್ಕಿಯ ತಾಟು ಕಾದಿದೆ. ಎಲ್ಲರೂ ಚದುರಿದ ಮೇಲೆ ಅತ್ತೆಯ ಹತ್ತಿರ ಹೋಗಿ ಮೆಲ್ಲಗೆ ಹೇಳಿದಳು.

"ಅತ್ತಿ, ತಾಯಿ ಎಲ್ಲಿ ಕುಂತು ಹಚಕೊಂಡಾಳೋ ನೋಡಿ ಬರೂಣು ಬರ್ರಿ. ಅಲ್ಲೇ ಒಂದು ಕಾಯಿ ಒಡದ್ರಾತು."

ಅತ್ತೆಗೆ ಈ ಮಾತು ಬಹಳ ಹಿಡಿಸಿತು. ಇದೇ ಮೊದಲ ಸಲ ಸೊಸೆಯ ಬಾಯಿಂದ ಲಕ್ಷಣದ ಮಾತು ಬಂತೆಂದು ಹೊಗಳಿ, ಉಳಿದ ಕಾಯಿಯನ್ನು ಮಡಿಲಲ್ಲಿ ಕಟ್ಟಿಕೊಂಡು ಮುಂದೆ ಮುಂದೆ ನಡೆದಳು. ಅಡಿವೆವ್ವ ಹಿಂದೆ. ಹಳದಿ ದಂಡೆಗೆ ಒತ್ತಿಕೊಂಡು ಎದುರು ಬರುತ್ತಿತ್ತು. ಕೂಡಿನ ಹತ್ತಿರ ಬಂದಾಗ ಅತ್ತೆ ನಿಂತಳು.

ಅಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. ಒಂದು ಕಡೆಯಿಂದ ವರದೆ ಬರುತ್ತಿದ್ದಳು, ತಳದ ಹರಳು ಕಾಣುವ ಹಾಗೆ ತಿಳಿಯಾಗಿ. ಇನ್ನೊಂದು ಕಡೆಯಿಂದ ಧರ್ಮೆ ಬರುತ್ತಿದ್ದಳು, ಮದುಮಗಳ ಹಾಗೆ ಮೈಯೆಲ್ಲ ಅರಿಷಿಣ. ಇಬ್ಬರೂ ಕೂಡಿದ ಮೇಲೆ ಒಬ್ಬರನ್ನೊಬ್ಬರು ಮುಟ್ಟಿಯೂ ಮುಟ್ಟದ ಹಾಗೆ, ನಡುವೆ ಗೆರೆ ಎಳೆದ ಹಾಗೆ ಪಕ್ಕಪಕ್ಕದಲ್ಲೇ ಕೆಳಗೆ ಹೋಗುತ್ತಿದ್ದರು. ಹಳದಿ ಹೋಗಿ ಹೊಳೆಕಟ್ಟಿಯ ಬಂಡೆಗೆ ತಾಗುತ್ತಿತ್ತು, ಅತ್ತೆ ಇಷ್ಟು ವರ್ಷ ಕೊಡ ಅದ್ದಿದ ಅದೇ ಬಂಡೆಗೆ.

ಅತ್ತೆ ಮೇಲೆ ನೋಡಿದಳು, ಕೆಳಗೆ ನೋಡಿದಳು. ಆಮೇಲೆ ಸೀರೆ ಮೇಲೆತ್ತಿಕೊಂಡು ನೀರಿಗಿಳಿದು ಗೆರೆಯ ಮೇಲೆ ನಿಂತಳು. ಒಂದು ಕಾಲು ಆ ನೀರಿನಲ್ಲಿ, ಒಂದು ಕಾಲು ಈ ನೀರಿನಲ್ಲಿ. ತಿಳಿ ನೀರನ್ನು ಬೊಗಸೆಯಲ್ಲಿ ಕುಡಿದಳು. ಹಳದಿ ನೀರನ್ನು ಬೊಗಸೆಯಲ್ಲಿ ಕುಡಿದಳು. ಮತ್ತೆ ತಿಳಿ ನೀರನ್ನು ಕುಡಿದು ಮುಖ ಸಿಂಡರಿಸಿ ಉಗುಳಿದಳು.

"ವರದಿ ಸಪ್ಪಗದಾಳಲ್ಲ" ಎಂದಳು.

ಮೇಲಿನಿಂದ ನಗೆ ಕೇಳಿಸಿತು. ತಿರುವಿನಾಚೆ ಹಾಜರಾಬಿ, ಅವಳ ನಾದಿನಿಯರು ಒಬ್ಬರ ಹೆಗಲು ಒಬ್ಬರು ಹಿಡಿದು ಚೀಲಗಳ ಮೇಲೆ ಕುಣಿದ ಹಾಗೆ ತುಳಿಯುತ್ತಿದ್ದರು. ಇವರನ್ನು ಕಂಡದ್ದೇ ಹಾಜರಾಬಿ ಸೆರಗು ಸರಿಮಾಡಿಕೊಂಡು, ಬರ್ರಿ ಅತ್ತಿಯವರ, ನೀವೂ ಒಂದೀಟು ತುಳೀರಿ ಎಂದಳು. ಅತ್ತೆ ಹಾಜರಾಬಿಯನ್ನು ನೋಡಿದಳು, ಚೀಲ ನೋಡಿದಳು, ಸೊಸೆಯನ್ನು ನೋಡಿದಳು. ಮಡಿಲಲ್ಲಿದ್ದ ಕಾಯಿಯನ್ನು ಮುಟ್ಟಿ ನೋಡಿಕೊಂಡಳು. ದಂಡೆಯ ಕಲ್ಲಿನ ಮೇಲೆ ಕುಂತಳು.

ಅಡಿವೆವ್ವನಿಗೆ ಈಗ ಹೆದರಿಕೆಯಾಯಿತು. ಬೈಗುಳ ಬರುತ್ತದೆ, ಇಲ್ಲವೇ ತವರಿಗೆ ಹೋಗಿಬಿಡು ಎಂಬ ಮಾತು ಬರುತ್ತದೆ ಎಂದುಕೊಂಡಳು. ಅತ್ತೆ ಕೇಳಿದ್ದು ಒಂದೇ ಮಾತು. ಊರಾಗ ಯಾರ್ಯಾರಿಗೆ ಹೇಳೀ?

"ಯಾರಿಗೂ ಹೇಳಿಲ್ರಿ. ಹೇಳೂದೂ ಇಲ್ಲ. ಹೊಳಿ ದಂಡ್ಯಾಗ ನೀವು ಆಡಿದ ಮಾತು ನಿಮಗ ನೆನಪಿದ್ರ ಸಾಕು."

"ನನ್ನ ಹೆಸರ ಬೇಕೇನ ನಿನಗ?"

"ನಿಮ್ಮದು ಬ್ಯಾಡ್ರಿ. ನನ್ನ ಅಜ್ಜಿದು ನನ್ನ ಹತ್ರ ಇರ್ಲಿ. ಅಕಿ ಕೊಟ್ಟದ್ದು ಅದೊಂದ ಐತಿ."

ಅತ್ತೆ ನೀರಿನ ಕಡೆ ನೋಡುತ್ತ ಕುಂತಳು. ಚೀಲದ ಹಳದಿ ತೆಳುವಾಗುತ್ತ ಬಂದಿತ್ತು. ಕಡೆಗೆ ಅವಳು ಸೊಸೆಗೆ ಹೇಳಿದಳೋ ಹೊಳೆಗೆ ಹೇಳಿದಳೋ ಗೊತ್ತಾಗದ ಹಾಗೆ ಮಾತಾಡಿದಳು. ಅವಳ ತವರು ರಟ್ಟೀಹಳ್ಳಿಯ ಹತ್ತಿರ, ಕುಮುದ್ವತಿಯ ದಂಡೆಗೆ. ಅಲ್ಲಿಂದ ಬಂದಾಗ ಇಲ್ಲಿಯ ಅತ್ತೆಗೆ ಅವಳ ಹೆಸರು ಸೇರಲಿಲ್ಲ. ಹರೆಯದ ಹುಡುಗಿಗೆ ಇಂಥ ಹೆಸರೇ ಎಂದು ನಕ್ಕು, ಅಕ್ಕಿಯ ತಾಟಿನಲ್ಲಿ ಅಡಿವೆವ್ವ ಎಂದು ಇಟ್ಟಳು. ತವರಿನ ಹಿರಿಯರು ಹೋದ ಮೇಲೆ ಹಳೆಯ ಹೆಸರು ಹಿಡಿದು ಕರೆಯುವವರು ಯಾರೂ ಉಳಿಯಲಿಲ್ಲ.

"ನಾ ಮುದಕವ್ವ ಇದ್ದೆ" ಎಂದಳು ಅತ್ತೆ.

ಅಡಿವೆವ್ವನಿಗೆ ನಗೆ ತಡೆಯಲಾಗಲಿಲ್ಲ. ಅತ್ತೆ ಕಣ್ಣು ಕೆಂಪಗೆ ಮಾಡಿ ನೋಡಿದಳು. ಆಮೇಲೆ ಅವಳಿಗೂ ತಡೆಯಲಾಗಲಿಲ್ಲ. ಹರೆಯದಲ್ಲಿ ಹೊಂದದ ಹೆಸರು ಈಗ ಅಳತೆ ಕೊಟ್ಟು ಹೊಲಿಸಿದ ಹಾಗೆ ಮೈಗೆ ಕೂರುವಂತಿತ್ತು. ಯಾಕೆ ನಗುತ್ತಿದ್ದಾರೆಂದು ತಿಳಿಯದೆ ಹಾಜರಾಬಿಯೂ ಸೇರಿಕೊಂಡು ನಕ್ಕಳು. ತಂದ ಕಾಯಿಯನ್ನು ಅಲ್ಲೇ, ಧರ್ಮೆಯ ದಂಡೆಯ ಕಲ್ಲಿಗೆ ಒಡೆದರು. ತುಳಿದು ತುಳಿದು ಹಸಿದಿದ್ದವರಿಗೆ ಹೋಳು ಸಾಲಲಿಲ್ಲ.

ಮರುದಿನ ಪಡಸಾಲೆಯಲ್ಲಿ ಮಣೆ, ತಾಟು, ಅಕ್ಕಿ ಸಿದ್ಧವಾದವು. ಹುಚ್ಚವ್ವ ಮತ್ತು ಓಣಿಯ ಹೆಂಗಸರು ಸೊಸೆಯ ಕಿವಿಗೆ ಕರೆವ್ವ ಎಂಬ ಹೆಸರು ಹೇಳಲು ಸಾಲಾಗಿ ಕುಂತರು. ಅತ್ತೆ ಒಳಗಿನಿಂದ ಬಂದು ಮಣೆಯ ಮೇಲೆ ತಾನೇ ಕುಂತಳು. ಸೊಸೆಯ ಕೈಯಲ್ಲಿ ತನ್ನ ಬೆರಳು ಕೊಟ್ಟು ಗೆರೆ ಎಳೆಸಿಕೊಂಡಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು.

"ನಿನ್ನೆ ಹೊಳೆವ್ವ ನನ್ನ ಕಿವ್ಯಾಗ ಹೇಳ್ಯಾಳ" ಎಂದಳು ಅತ್ತೆ, ಕಣ್ಣು ಅರ್ಧ ಮುಚ್ಚಿ. "ನಿನ್ನ ಹಳೇ ಹೆಸರು ನೀ ತಗೋ, ಇದನ್ನ ಸೊಸಿಗೆ ಬಿಡು ಅಂದ್ಲು. ಅರಿಷಿಣ ಹಚಕೊಂಡು ಬಂದಾಕಿ ಮಾತು ಮೀರಾಕ ಬರತೈತೇನ?"

ಅದಕ್ಕೆ ಎದುರು ಮಾತಾಡುವವರು ಯಾರು? ಎಲ್ಲರೂ ಕೆನ್ನೆ ಕೆನ್ನೆ ಬಡಿದುಕೊಂಡರು. ಗುತ್ತೆಪ್ಪ ಬಾಗಿಲಲ್ಲಿ ನಿಂತು ಕೆಮ್ಮಿದ. ಹೆಂಡತಿಯನ್ನು ಅವನು ಎಂದೂ ಹೆಸರು ಹಿಡಿದು ಕರೆದವನಲ್ಲ, ಅವನ ಗಂಟೇನೂ ಹೋಗಲಿಲ್ಲ. ಮೈಲಾರಪ್ಪನಿಗೆ ಮಾತ್ರ ಕಷ್ಟ ತಪ್ಪಲಿಲ್ಲ. ಈಗ ಹೆಂಡತಿಯನ್ನು ಅಡಿವೆವ್ವ ಎಂದು ಧಾರಾಳವಾಗಿ ಕರೆಯಬಹುದಾಗಿತ್ತು, ಆದರೆ ಅವ್ವನದಾಗಿದ್ದ ಆ ಹೆಸರು ಬಾಯಿಗೆ ಬಂದರೆ ಕೈ ತಾನೇ ಮುಗಿಯುತ್ತಿತ್ತು. ಕೊಟ್ಟಿಗೆಯಲ್ಲಿ ಎತ್ತಿನ ಮುಂದೆ ರೂಢಿ ಮಾಡಿಕೊಂಡು ನೋಡಿದ. ಕಡೆಗೆ ಕೆಮ್ಮೇ ಚೆಂದವೆನ್ನಿಸಿತು.

ಹೊಳೆಕಟ್ಟಿಯವರು ವರದೆಯ ನೀರಿನವರಾಗಿಯೇ ಉಳಿದರು. ಮುದಕವ್ವನೂ ಅದೇ ಬಂಡೆಯ ಮೇಲೆ ಕೊಡ ಅದ್ದಿ, ಇಂಥ ಬೇಳೆ ಬೇಯುವ ನೀರು ಎಲ್ಲಿದೆ ತೋರಿಸಿ ಎಂದು ಕೇಳುತ್ತಿದ್ದಳು. ಕೇಳುವಾಗ ಸೊಸೆಯ ಕಡೆ ಮಾತ್ರ ನೋಡುತ್ತಿರಲಿಲ್ಲ.

ಹೆಸರಿಟ್ಟ ಆ ದಿನದ ಮಧ್ಯಾಹ್ನವೇ ಮೊದಲ ಕೂಗು ಬಂತು. ಅಡಿವೆವ್ವ ಹಿಟ್ಟು ನಾದುತ್ತಿದ್ದಳು. ಮುದಕವ್ವ ಕಂಬಕ್ಕೊರಗಿ ಕಾಲು ಚಾಚಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಬಾಗಿಲಲ್ಲಿ ಯಾರೋ ಅಡಿವೆವ್ವಾ, ಹೆಪ್ಪು ಕೊಡವ್ವಾ ಎಂದರು. ಅದು ಮುಗಿಯುವುದರೊಳಗೆ ಇನ್ನೊಬ್ಬರು, ಅಡಿವೆವ್ವಾ, ನಮ್ಮ ಆಕಳು ಈಯಾಕತ್ತೈತಿ, ಲಗೂನ ಬಾ ಎಂದರು. ಓಣಿಯ ಆ ತುದಿಯಲ್ಲಿ ಹುಚ್ಚವ್ವನೂ ಅವಳ ಸೊಸೆಯೂ ದನಿ ಏರಿಸಿದ್ದರು, ಅಲ್ಲಿಂದಲೂ ಅದೇ ಹೆಸರಿನ ಕೂಗು.

ಅಡಿವೆವ್ವ ಹಿಟ್ಟಿನ ಕೈಯಲ್ಲೇ ಅತ್ತೆಯ ಮುಖ ನೋಡಿದಳು. ಮುದಕವ್ವ ಎಲೆ ಮಡಚಿ ದವಡೆಗೆ ಇಟ್ಟುಕೊಂಡಳು.

"ನಿನ್ನ ಕರಿಯಾಕತ್ತಾರ ನೋಡವಾ" ಎಂದಳು. "ಆ ಕೂಗು ನನಗೆಲ್ಲಿ ಹತ್ತೀತು, ನಾ ಮುದಕವ್ವ."